ಹಿಡಿಯುವ ಕಾಂತ, ಬಿಡುವ ಕಾಂತ

ಹೈಸ್ಕೂಲಿಗೆ ಹೋಗುವ ಮಕ್ಕಳು ವಿಜ್ಞಾನದ ಪುಸ್ತಕದಲ್ಲಿ ಕಾಂತದ ಪಾಠವನ್ನು ಓದುತ್ತಾರೆ. ಪಟ್ಟಿ ಕಾಂತ, ಲಾಳಾಕಾರದ ಕಾಂತ, ಉತ್ತರ ಧ್ರುವ, ದಕ್ಷಿಣ ಧ್ರುವ, ಸೊಲೆನಾಯ್ಡ್ ಎಂದು ಬಾಯಿಪಾಠ ಮಾಡಿ, ಚಿತ್ರ ಬರೆದು, ಅಂಕ ಪಡೆಯುತ್ತಾರೆ. ಅದೇ ಮಕ್ಕಳಿಗೆ ಸಂಜೆ ಮನೆಯಲ್ಲಿ, ‘ತೋಟಕ್ಕೆ ಹೋಗಿ ಪಂಪು ಹಾಕಿ ಬಾ’ ಎಂದು ಹೇಳುತ್ತೇವೆ. ಪಂಪ್ ಶೆಡ್ಡಿನ ಗೋಡೆಯಲ್ಲಿರುವ ಸ್ಟಾರ್ಟರಿನ ಹಸಿರು ಗುಂಡಿಯನ್ನು ಒತ್ತಿದಾಗ ‘ಟಕ್’ ಎಂಬ ಸದ್ದು ಬರುತ್ತದಲ್ಲ, ಆ ಸದ್ದು ಮಾಡಿದ್ದು ಪಾಠದ ಪುಸ್ತಕದ ವಿದ್ಯುತ್ಕಾಂತವೇ ಎಂಬುದನ್ನು ಅವರಿಗೆ ಯಾರೂ ಹೇಳಿರುವುದಿಲ್ಲ. ಹೇಳಬೇಕಾದ ದೊಡ್ಡವರಿಗೂ ಅದು ಅಷ್ಟಾಗಿ ಗೊತ್ತಿರುವುದಿಲ್ಲ. ಗೊತ್ತಿಲ್ಲದ ಕಾರಣಕ್ಕೆ ಆಗುವ ನಷ್ಟ ಸಣ್ಣದಲ್ಲ. ಬೇಸಗೆ ಬಂತೆಂದರೆ ರೀವೈಂಡಿಂಗ್ ಅಂಗಡಿಗಳ ಮುಂದೆ ಸುಟ್ಟ ಮೋಟಾರುಗಳು ಸಾಲಾಗಿ ಕುಳಿತಿರುವುದನ್ನು ನಾವೆಲ್ಲ ಕಂಡಿದ್ದೇವೆ. ಆದ್ದರಿಂದ ಈ ಸಲ ಗೊಬ್ಬರ, ಬೋರ್ಡೋ ದ್ರಾವಣ, ಧಾರಣೆಗಳ ಮಾತನ್ನು ಬದಿಗಿಟ್ಟು, ಸದಸ್ಯರ ಮನೆಯ ಮಕ್ಕಳಿಗಾಗಿ ಕಾಂತದ ವಿಷಯ ಬರೆಯುತ್ತಿದ್ದೇವೆ. ದೊಡ್ಡವರು ಓದಬಾರದೆಂದೇನೂ ಇಲ್ಲ.

ಕಾಂತವೆಂದರೆ ಕಬ್ಬಿಣವನ್ನು ಎಳೆಯುವ ವಸ್ತು. ನಿಸರ್ಗದಲ್ಲಿ ಸಿಗುವ ಕಾಂತಕ್ಕೆ ನಮ್ಮ ಹಿರಿಯರು ಸೂಜಿಗಲ್ಲು ಎಂದು ಹೆಸರಿಟ್ಟರು. ಅದು ಮ್ಯಾಗ್ನೆಟೈಟ್ ಎಂಬ ಕಪ್ಪು ಬಣ್ಣದ ಕಬ್ಬಿಣದ ಅದಿರು. ಇದನ್ನು ನೋಡಲು ದೂರ ಹೋಗಬೇಕಾಗಿಲ್ಲ. ಕಾರ್ಕಳದಿಂದ ಘಟ್ಟ ಹತ್ತಿದರೆ ಸಿಗುವ ಕುದುರೆಮುಖದಲ್ಲಿ ಇದ್ದದ್ದು ಮ್ಯಾಗ್ನೆಟೈಟ್ ಅದಿರೇ. ಅಲ್ಲಿಯ ಅದಿರಿನಲ್ಲಿ ಕಬ್ಬಿಣದ ಅಂಶ ಕಡಿಮೆ. ಆದ್ದರಿಂದ ಅದನ್ನು ನುಣ್ಣಗೆ ಅರೆದು, ಕಬ್ಬಿಣದ ಪುಡಿಯನ್ನು ಕಲ್ಲಿನ ಪುಡಿಯಿಂದ ಬೇರ್ಪಡಿಸಲು ಕಾಂತದ ಸಹಾಯ ಪಡೆಯುತ್ತಿದ್ದರು. ಬೇರ್ಪಟ್ಟ ಪುಡಿ ನೀರಿನೊಂದಿಗೆ ಕೆಸರಾಗಿ 67 ಕಿಲೋಮೀಟರು ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಇಳಿಯುತ್ತಿತ್ತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಆ ಗಣಿ ನಿಂತಿತು. ಇನ್ನು ನಮ್ಮ ಕಡಲ ದಡದಲ್ಲಿ ಅಲೆ ಹಿಂದೆ ಸರಿದ ಮೇಲೆ ಮರಳಿನಲ್ಲಿ ಅಲ್ಲಲ್ಲಿ ಕಪ್ಪು ಗೆರೆಗಳು ಉಳಿಯುತ್ತವೆ. ಒಂದು ಕಾಂತವನ್ನು ಕಾಗದದಲ್ಲಿ ಸುತ್ತಿ ಅಲ್ಲಿ ಆಡಿಸಿ ನೋಡಿ. ಕಪ್ಪು ಕಣಗಳು ಮೀಸೆಯ ಹಾಗೆ ನೆಟ್ಟಗೆ ನಿಂತು ಅಂಟಿಕೊಳ್ಳುತ್ತವೆ. ಕಾಗದ ಸುತ್ತದೆ ಆಡಿಸಿದರೆ ಅವನ್ನು ಬಿಡಿಸುವಷ್ಟರಲ್ಲಿ ಸಾಕುಸಾಕಾಗುತ್ತದೆ.

ಕಬ್ಬಿಣದ ಅಂಶ ಇದ್ದ ಮಾತ್ರಕ್ಕೆ ಕಾಂತ ಎಳೆಯಬೇಕೆಂದಿಲ್ಲ. ನಮ್ಮ ಮುರಕಲ್ಲು ಕೆಂಪಗಿರುವುದೇ ಕಬ್ಬಿಣದಿಂದ. ಆದರೂ ಕಲ್ಲುಕೋರೆಯಲ್ಲಿ ಕಾಂತ ಹಿಡಿದು ನಿಂತರೆ ಕಲ್ಲೇನೂ ಓಡಿ ಬರುವುದಿಲ್ಲ. ಅಲ್ಲಿಯ ಕಬ್ಬಿಣ ಹೆಚ್ಚಾಗಿ ತುಕ್ಕಿನ ರೂಪದಲ್ಲಿದೆ. ಅಣುಗಳ ಜೋಡಣೆ ಬೇರೆ. ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಕೂಡ ಅಂಟುವುದಿಲ್ಲ. ಬಲವಾಗಿ ಅಂಟುವ ಶುದ್ಧ ಲೋಹಗಳಲ್ಲಿ ನಮಗೆ ದಿನವೂ ಸಿಗುವವು ಕಬ್ಬಿಣ, ನಿಕ್ಕಲ್, ಕೋಬಾಲ್ಟ್ ಮೂರೇ.

ಒಂದು ಪಟ್ಟಿ ಕಾಂತವನ್ನು ಎರಡು ತುಂಡು ಮಾಡಿದರೆ ಉತ್ತರ ಧ್ರುವ ಒಂದು ಕೈಗೆ, ದಕ್ಷಿಣ ಧ್ರುವ ಇನ್ನೊಂದು ಕೈಗೆ ಬರುತ್ತದೆಯೆ? ಇಲ್ಲ. ಪ್ರತಿ ತುಂಡಿಗೂ ಎರಡೆರಡು ಧ್ರುವಗಳು. ಇನ್ನೂ ಚೂರು ಮಾಡಿದರೂ ಅದೇ ಕಥೆ. ಏಕೆಂದರೆ ಕಾಂತತೆ ತುದಿಯಲ್ಲಿ ಬಳಿದ ಬಣ್ಣವಲ್ಲ, ಒಳಗಿನ ಕಣಕಣದಲ್ಲೂ ಇರುವ ಗುಣ. ಕಬ್ಬಿಣದ ಒಳಗೆ ಕಣ್ಣಿಗೆ ಕಾಣದಷ್ಟು ಚಿಕ್ಕ ಚಿಕ್ಕ ಗುಂಪುಗಳಿವೆ. ಒಂದೊಂದು ಗುಂಪೂ ಒಂದೊಂದು ಪುಟ್ಟ ಕಾಂತ. ಸಾಧಾರಣ ಕಬ್ಬಿಣದಲ್ಲಿ ಇವು ದಿಕ್ಕಿಗೊಂದಾಗಿ ಮುಖ ಮಾಡಿರುವುದರಿಂದ ಒಂದರ ಬಲವನ್ನು ಇನ್ನೊಂದು ಅಳಿಸಿಹಾಕುತ್ತದೆ.

ತೇರಿನ ದಿನ ರಥಬೀದಿಯಲ್ಲಿ ಸೇರಿದ ಜನರನ್ನು ನೆನೆಯಿರಿ. ಒಬ್ಬರು ಬಳೆಯಂಗಡಿ ಕಡೆ, ಒಬ್ಬರು ಚರುಮುರಿ ಕಡೆ ಹೊರಟಿರುತ್ತಾರೆ. ಸಾವಿರ ಜನ ಇದ್ದರೂ ತೇರು ಅಲುಗುವುದಿಲ್ಲ. ಹಗ್ಗ ಕೈಗೆ ಬಂದು ಎಲ್ಲರೂ ಒಂದೇ ಕಡೆಗೆ ತಿರುಗಿದರೆಂದರೆ ತೇರು ಹೊರಟಿತು. ಜನ ಅಷ್ಟೇ, ಬಲ ಅಷ್ಟೇ; ಒಂದಾಗಿದ್ದು ದಿಕ್ಕು. ಕಬ್ಬಿಣಕ್ಕೆ ಕಾಂತ ತಾಗಿಸಿದಾಗ ಆಗುವುದು ಇದೇ.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಗಡಸು ಉಕ್ಕಿನ ಒಳಗಿನ ಗುಂಪುಗಳು ಒಮ್ಮೆ ತಿರುಗಿದರೆ ಹಾಗೆಯೇ ನಿಲ್ಲುತ್ತವೆ. ಹೊಲಿಗೆಯ ಸೂಜಿಯನ್ನು ಕಾಂತದ ಒಂದೇ ಧ್ರುವಕ್ಕೆ ಒಂದೇ ದಿಕ್ಕಿನಲ್ಲಿ ಮೂವತ್ತು ನಲವತ್ತು ಸಲ ಉಜ್ಜಿದರೆ ಸೂಜಿಯೇ ಕಾಂತವಾಗಿ ಬಹುಕಾಲ ಉಳಿಯುತ್ತದೆ. ಮೆದು ಕಬ್ಬಿಣ ಹಾಗಲ್ಲ. ಕಾಂತ ಹತ್ತಿರವಿದ್ದಾಗ ಬೇಗನೆ ಕಾಂತವಾಗುತ್ತದೆ, ಕಾಂತವನ್ನು ದೂರ ಒಯ್ದರೆ ಬಹುತೇಕ ಮರೆತುಬಿಡುತ್ತದೆ. ಕೂಗು ನಿಂತ ಕೂಡಲೇ ಹಗ್ಗ ಬಿಟ್ಟು ಚರುಮುರಿಗೆ ಹೋಗುವ ಜನ ಇದ್ದ ಹಾಗೆ. ಈ ಮರೆವು ದೋಷವೆಂದು ಮೇಲುನೋಟಕ್ಕೆ ಕಾಣುತ್ತದೆ. ಅದೇ ನಮ್ಮನ್ನು ಕಾಯುವ ಗುಣ ಎಂಬುದು ಮುಂದೆ ತಿಳಿಯುತ್ತದೆ.

ಉಜ್ಜಿದ ಆ ಸೂಜಿಯನ್ನು ಒಣ ಅಡಿಕೆ ಹಾಳೆಯ ಸಣ್ಣ ಚೂರಿನ ಮೇಲಿಟ್ಟು, ತೆಂಗಿನ ಗೆರಟೆಯ ನೀರಿನಲ್ಲಿ ತೇಲಿಬಿಡಿ. ಸ್ಟೀಲಿನ ಪಾತ್ರೆ ಬೇಡ. ಅಂಬಲಪಾಡಿಯ ಅಂಗಳದಲ್ಲಿ ಇದನ್ನು ಮಾಡಿದರೆ ಸೂಜಿ ನಿಧಾನವಾಗಿ ತಿರುಗಿ, ಒಂದು ತುದಿ ಬ್ರಹ್ಮಾವರದ ಕಡೆಗೆ, ಇನ್ನೊಂದು ತುದಿ ಕಾಪುವಿನ ಕಡೆಗೆ ಮಾಡಿ ನಿಲ್ಲುತ್ತದೆ. ಎಷ್ಟು ಸಲ ತಿರುಗಿಸಿದರೂ ಮತ್ತೆ ಅಲ್ಲಿಗೇ. ಭೂಮಿಯೇ ಒಂದು ದೊಡ್ಡ ಕಾಂತವಾಗಿರುವುದರಿಂದ ಹೀಗೆ ಎಂದು ಇಂಗ್ಲೆಂಡಿನ ವೈದ್ಯ ವಿಲಿಯಂ ಗಿಲ್ಬರ್ಟ್ 1600ರಲ್ಲಿ ಬರೆದ. ಸೂಜಿಯ ಉತ್ತರ ಧ್ರುವವನ್ನು ಎಳೆಯುವುದರಿಂದ, ಭೂಮಿಯ ಉತ್ತರದಲ್ಲಿರುವುದು ನಿಜವಾಗಿ ಕಾಂತದ ದಕ್ಷಿಣ ಧ್ರುವ. ಪರೀಕ್ಷೆಯಲ್ಲಿ ಮಕ್ಕಳನ್ನು ಎಡವಿಸಲೆಂದೇ ಕೇಳುವ ಪ್ರಶ್ನೆ ಇದು. ಸೂಜಿಯನ್ನು ಮೇಲೆ ಕೆಳಗೂ ತಿರುಗುವಂತೆ ತೂಗುಹಾಕಿದರೆ ನಮ್ಮ ಊರಿನಲ್ಲಿ ಅದರ ಉತ್ತರದ ತುದಿ ಸುಮಾರು 15 ಡಿಗ್ರಿಯಷ್ಟು ನೆಲದ ಕಡೆಗೆ ಬಾಗುತ್ತದೆ. ದಕ್ಷಿಣಕ್ಕೆ ಹೋದಂತೆ ಈ ಬಾಗು ಕಡಿಮೆಯಾಗಿ, ಕೇರಳದ ದಕ್ಷಿಣದ ತುದಿಯ ಹತ್ತಿರ ಸೂಜಿ ಬಹುತೇಕ ಮಟ್ಟಸವಾಗಿ ನಿಲ್ಲುತ್ತದೆ. ಅದು ಕಾಂತೀಯ ಸಮಭಾಜಕ ರೇಖೆಯ ಪ್ರದೇಶ. 1963ರಲ್ಲಿ ನಮ್ಮ ದೇಶದ ಮೊದಲ ರಾಕೆಟ್ಟನ್ನು ತುಂಬಾದಿಂದ ಹಾರಿಸಿದ್ದು ಈ ಕಾರಣಕ್ಕಾಗಿಯೇ.

ಅಂಬಲಪಾಡಿಯಿಂದ ಪಡುವಣಕ್ಕೆ ಹೋದರೆ ಕಡಲು. ಮಲ್ಪೆಯಿಂದ ದೋಣಿಯಲ್ಲಿ ಸಾಗಿದರೆ ಸೈಂಟ್ ಮೇರೀಸ್ ದ್ವೀಪ. ಪ್ರವಾಸಕ್ಕೆ ಹೋದ ಮಕ್ಕಳು ಅಲ್ಲಿಯ ಕಂಬದಂಥ ಕಲ್ಲುಗಳನ್ನು ನೋಡಿರುತ್ತೀರಿ. ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ದೇಶದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ಕರಗಿದ ಕಲ್ಲು ಮೇಲೆ ಬಂದು ತಣ್ಣಗಾಗಿ ಆ ಕಂಬಗಳಾದವು. ಕಾಂತವನ್ನು ಬಹಳ ಕಾಯಿಸಿದರೆ ಅದು ತನ್ನ ಗುಣವನ್ನು ಕಳೆದುಕೊಳ್ಳುತ್ತದೆ. ಮ್ಯಾಗ್ನೆಟೈಟಿಗೆ ಈ ಮಿತಿ ಸುಮಾರು 580 ಡಿಗ್ರಿ ಸೆಂಟಿಗ್ರೇಡ್. ಕರಗಿದ ಕಲ್ಲು ಈ ಮಿತಿಗಿಂತ ಕೆಳಕ್ಕೆ ತಣಿಯುವಾಗ ಅದರೊಳಗಿನ ಕಣಗಳು ಆ ಹೊತ್ತಿನ ಭೂಮಿಯ ಕಾಂತದ ದಿಕ್ಕನ್ನು ಹಿಡಿದು ಹಾಗೆಯೇ ಗಟ್ಟಿಯಾದವು. ಆಗ ನಮ್ಮ ದೇಶವಿದ್ದುದು ಭೂಮಧ್ಯರೇಖೆಯ ದಕ್ಷಿಣಕ್ಕೆ. ಭೂವಿಜ್ಞಾನಿಗಳು ಕಲ್ಲಿನ ತುಂಡುಗಳಲ್ಲಿ ಓದುವುದು ಈ ಹಳೆಯ ಮುದ್ರೆಯನ್ನು. ಗಡಸು ಉಕ್ಕಿನ ನೆನಪೂ ಇದರ ಮುಂದೆ ಏನೂ ಅಲ್ಲ.

ಇಷ್ಟು ಹಿಡಿದದ್ದನ್ನು ಬಿಡದ ಕಾಂತದ ಮಾತಾಯಿತು. ಇನ್ನು ಬಿಡುವ ಕಾಂತ.

1820ರಲ್ಲಿ ಕೋಪನ್‌ಹೇಗನ್ನಿನ ಪ್ರಾಧ್ಯಾಪಕ ಅಯರ್‌ಸ್ಟೆಡ್ ಎಂಬಾತ, ತಂತಿಯಲ್ಲಿ ವಿದ್ಯುತ್ತು ಹರಿದಾಗ ಹತ್ತಿರವಿದ್ದ ದಿಕ್ಸೂಚಿಯ ಮುಳ್ಳು ಸರಿಯುವುದನ್ನು ಕಂಡ. ತಾಮ್ರದ ತಂತಿಯಾದರೂ ಹೀಗೆಯೇ, ತಾಮ್ರಕ್ಕೂ ಕಾಂತಕ್ಕೂ ಸಂಬಂಧವಿಲ್ಲ. ಅಂದರೆ ಮುಳ್ಳನ್ನು ಸರಿಸಿದ್ದು ತಾಮ್ರವಲ್ಲ, ಅದರಲ್ಲಿ ಹರಿಯುವ ವಿದ್ಯುತ್ತು. ಈ ಸಂಗತಿಯ ಬಿಸಿ ನಮ್ಮ ಮುಂಬಯಿಗೂ ತಟ್ಟಿತ್ತು. ಅಲ್ಲಿಯ ಕೊಲಾಬಾದಲ್ಲಿ ಭೂಮಿಯ ಕಾಂತತೆಯನ್ನು ಅಳೆಯುವ ವೀಕ್ಷಣಾಲಯವಿತ್ತು. ನಗರದ ಟ್ರಾಮುಗಳನ್ನು ವಿದ್ಯುತ್ತಿನಿಂದ ಓಡಿಸುವ ಏರ್ಪಾಡು ಆದಾಗ, ಅದರ ವಿದ್ಯುತ್ತಿನಿಂದ ತಮ್ಮ ಸೂಕ್ಷ್ಮ ಉಪಕರಣಗಳು ಕೆಡುತ್ತವೆಂದು ತಿಳಿದು, 1904ರಲ್ಲಿ ಕೊಲ್ಲಿಯ ಆಚೆಯ ಅಲಿಬಾಗಿನಲ್ಲಿ ಬೇರೆ ವೀಕ್ಷಣಾಲಯವನ್ನು ತೆರೆದರು. ಅದು ಇಂದಿಗೂ ನಡೆಯುತ್ತಿದೆ.

ಒಂದೇ ತಂತಿಯ ಬಲ ಸ್ವಲ್ಪ. ತಂತಿಯನ್ನು ಸುರುಳಿ ಸುತ್ತಿದರೆ ಪ್ರತಿ ಸುತ್ತಿನ ಬಲವೂ ಕೂಡಿಕೊಳ್ಳುತ್ತದೆ. ಸುರುಳಿಯ ನಡುವೆ ಮೆದು ಕಬ್ಬಿಣವನ್ನಿಟ್ಟರೆ ಬಲ ಅನೇಕ ಪಟ್ಟು ಹೆಚ್ಚುತ್ತದೆ. 1825ರಲ್ಲಿ ಇಂಗ್ಲೆಂಡಿನ ವಿಲಿಯಂ ಸ್ಟರ್ಜನ್ ಮೊದಲ ವಿದ್ಯುತ್ಕಾಂತವನ್ನು ತೋರಿಸಿದ. ಚಿಕ್ಕಂದಿನಲ್ಲಿ ಜೋಡು ಹೊಲಿಯುವ ಕೆಲಸ ಕಲಿತು, ಆಮೇಲೆ ಸೈನ್ಯ ಸೇರಿ, ತಾನಾಗಿಯೇ ಓದಿ ಮೇಲೆ ಬಂದವನು ಅವನು. ಅವನ ಕಾಂತ 200 ಗ್ರಾಂ ತೂಕದ ಲಾಳಾಕಾರದ ಕಬ್ಬಿಣ. ಎತ್ತಿದ್ದು 4 ಕಿಲೋ. ಅಮೆರಿಕದ ಶಾಲಾ ಅಧ್ಯಾಪಕ ಜೋಸೆಫ್ ಹೆನ್ರಿ ತಂತಿಗೆ ರೇಷ್ಮೆ ಸುತ್ತಿ, ಸುತ್ತಿನ ಮೇಲೆ ಸುತ್ತು ಒತ್ತಾಗಿ ಹಾಕಿದ. ಅವನು 1831ರಲ್ಲಿ ಮಾಡಿದ ಕಾಂತ 900 ಕಿಲೋಗೂ ಹೆಚ್ಚು ಭಾರ ಎತ್ತಿತು. ಇಂದು ರೇಷ್ಮೆಯ ಬದಲು ವಾರ್ನಿಷಿನ ಲೇಪವಿದೆ. ಮೋಟಾರು ಸುಟ್ಟಾಗ ಮೂಗಿಗೆ ಬಡಿಯುವ ವಾಸನೆ ಆ ಲೇಪದ್ದೇ.

ಇದನ್ನು ಮಕ್ಕಳು ಮನೆಯಲ್ಲಿ ಮಾಡಬಹುದು. ಮೂರಂಗುಲದ ಕಬ್ಬಿಣದ ಮೊಳೆಗೆ ರೀವೈಂಡಿಂಗ್ ಅಂಗಡಿಯಲ್ಲಿ ಉಳಿದ ತಂತಿಯನ್ನು ಒಂದೇ ದಿಕ್ಕಿಗೆ 50 ಸುತ್ತು ಸುತ್ತಿ. ತಂತಿಯ ಎರಡು ತುದಿಗಳ ಲೇಪವನ್ನು ಚೂರಿಯಿಂದ ಕೆರೆದು ಟಾರ್ಚಿನ ಒಂದು ಸೆಲ್ಲಿಗೆ ಹಿಡಿಯಿರಿ. ಎಷ್ಟು ಗುಂಡುಸೂಜಿ ಅಂಟಿತೆಂದು ಎಣಿಸಿ ಬರೆದಿಡಿ. ಅದೇ ಮೊಳೆಗೆ 100 ಸುತ್ತು ಸುತ್ತಿ ಮತ್ತೆ ಎಣಿಸಿ. ಸೆಲ್ಲಿನ ತುದಿಗಳನ್ನು ಅದಲುಬದಲು ಮಾಡಿ, ತೇಲುವ ಸೂಜಿಯ ಹತ್ತಿರ ಹಿಡಿದು, ಧ್ರುವ ಬದಲಾಯಿತೆ ನೋಡಿ. ಹೆಚ್ಚು ಹೊತ್ತು ಹಿಡಿಯಬೇಡಿ, ತಂತಿ ಬಿಸಿಯಾಗಿ ಸೆಲ್ಲು ಖಾಲಿಯಾಗುತ್ತದೆ. ಮನೆಯ ಪ್ಲಗ್ಗಿಗೆ ಮಾತ್ರ ಎಂದೆಂದೂ ಜೋಡಿಸಕೂಡದು, ಪ್ರಾಣ ಹೋಗುತ್ತದೆ. ತಂತಿ ಬಿಡಿಸಿದಾಗ ಗುಂಡುಸೂಜಿಗಳು ಬೀಳುತ್ತವೆ. ಒಂದೆರಡು ಬೀಳದೆ ಉಳಿದರೆ ನಿಮ್ಮ ಮೊಳೆಯ ಕಬ್ಬಿಣ ಅಷ್ಟು ಮೆದುವಲ್ಲವೆಂದು ತಿಳಿಯಿರಿ.

ಈ ಮೊಳೆಯ ಬಂಧುಬಳಗ ದೊಡ್ಡದು. ವಾರಾಹಿಯ ನೆಲದಡಿಯ ವಿದ್ಯುದಾಗಾರದಲ್ಲಿ, ಎಲ್ಲೂರಿನ ಉಷ್ಣ ಸ್ಥಾವರದಲ್ಲಿ ತಿರುಗುವುದೂ ವಿದ್ಯುತ್ಕಾಂತವೇ. ಕಾಂತ ತಿರುಗಿದರೆ ಹತ್ತಿರದ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆಂದು 1831ರಲ್ಲಿ ಮೈಕೆಲ್ ಫ್ಯಾರಡೆ ತೋರಿಸಿದ್ದರ ಫಲ ಅದು. ಕಾಫಿ ಕ್ಯೂರಿಂಗ್ ವರ್ಕ್ಸುಗಳಲ್ಲಿ ಬೀಜ ಯಂತ್ರಕ್ಕೆ ಬೀಳುವ ಮೊದಲು ಅದರಲ್ಲಿ ಸೇರಿದ ಮೊಳೆ, ತಂತಿಯ ತುಂಡುಗಳನ್ನು ಹಿಡಿಯುವುದೂ ಕಾಂತವೇ. ಇವುಗಳ ಬಗ್ಗೆ ಬರೆದರೆ ಪುಟ ಸಾಲದು. ನಾವು ಪಂಪ್ ಶೆಡ್ಡಿಗೆ ಹೋಗೋಣ.

ಸ್ಟಾರ್ಟರಿನ ಪೆಟ್ಟಿಗೆಯೊಳಗೆ ಒಂದು ಸುರುಳಿ, ಅದರ ನಡುವೆ ತೆಳು ಕಬ್ಬಿಣದ ತಗಡುಗಳನ್ನು ಜೋಡಿಸಿ ಮಾಡಿದ ದಿಂಡು, ಎದುರಿಗೆ ಸ್ಪ್ರಿಂಗಿನ ಮೇಲೆ ನಿಂತ ಇನ್ನೊಂದು ಕಬ್ಬಿಣದ ತುಂಡು. ಎಲೆಕ್ಟ್ರಿಷಿಯನ್ನರು ಆ ಸುರುಳಿಯನ್ನು ಕಾಯಿಲ್ ಅಥವಾ ನೋ ವೋಲ್ಟ್ ಕಾಯಿಲ್ ಎನ್ನುತ್ತಾರೆ. ಹಸಿರು ಗುಂಡಿ ಒತ್ತಿದಾಗ ಸುರುಳಿಯಲ್ಲಿ ವಿದ್ಯುತ್ತು ಹರಿದು, ದಿಂಡು ಕಾಂತವಾಗಿ, ಎದುರಿನ ತುಂಡನ್ನು ಎಳೆದುಕೊಳ್ಳುತ್ತದೆ. ‘ಟಕ್’ ಎಂಬುದು ಅದರ ಸದ್ದು. ಆ ತುಂಡಿನೊಂದಿಗೆ ಮೋಟಾರಿಗೆ ಹೋಗುವ ಮೂರು ಫೇಸುಗಳ ಸಂಪರ್ಕ ಕೂಡಿಕೊಳ್ಳುತ್ತದೆ. ಜೊತೆಗೆ ಒಂದು ಚಿಕ್ಕ ಸಂಪರ್ಕವೂ ಕೂಡಿ, ನೀವು ಬೆರಳು ತೆಗೆದ ಮೇಲೂ ಸುರುಳಿಗೆ ಕರೆಂಟು ಸಿಗುವಂತೆ ನೋಡಿಕೊಳ್ಳುತ್ತದೆ. ಕಾಂತ ತನ್ನನ್ನು ತಾನೇ ಹಿಡಿದುಕೊಂಡಂತೆ.

ಇನ್ನು ನಿಲ್ಲಿಸುವುದು ಹೇಗೆ? ಕೆಂಪು ಗುಂಡಿ ಮೋಟಾರಿನ ಕರೆಂಟನ್ನು ನೇರವಾಗಿ ಕಡಿಯುವುದಿಲ್ಲ. ಅದು ಸುರುಳಿಯ ಕರೆಂಟನ್ನು ಕಡಿಯುತ್ತದೆ, ಅಷ್ಟೆ. ಮೆದು ಕಬ್ಬಿಣ ಮರೆತುಬಿಡುತ್ತದೆ, ಸ್ಪ್ರಿಂಗು ತುಂಡನ್ನು ದೂಡುತ್ತದೆ, ಮೋಟಾರು ನಿಲ್ಲುತ್ತದೆ. ಮೋಟಾರಿಗೆ ಭಾರ ಹೆಚ್ಚಾದಾಗ ಬಿಸಿಗೆ ಬಾಗುವ ಲೋಹದ ಪಟ್ಟಿಗಳುಳ್ಳ ಓವರ್‌ಲೋಡ್ ರಿಲೇ ಮಾಡುವುದೂ ಸುರುಳಿಯನ್ನು ಕಡಿಯುವ ಕೆಲಸವನ್ನೇ. ಕರೆಂಟು ಹೋದಾಗಲೂ ಸುರುಳಿ ಸತ್ತು ಎಲ್ಲ ಬಿಟ್ಟುಕೊಳ್ಳುತ್ತದೆ. ಮತ್ತೆ ಬಂದಾಗ ಪಂಪು ತಾನಾಗಿ ಹೊರಡುವುದಿಲ್ಲ. ಆ ಹೊತ್ತಿಗೆ ಫುಟ್‌ವಾಲ್ವಿನ ಕಸ ತೆಗೆಯಲು ಬಾವಿಗಿಳಿದವರು ಉಳಿಯುತ್ತಾರೆ. ಕಾವಲುಗಾರರು ಮೂವರು, ಆದರೆ ಮೂವರೂ ಕೆಲಸ ಮಾಡುವುದು ಒಂದೇ ಸುರುಳಿಯ ಮೂಲಕ.

ಬೇಸಗೆಯಲ್ಲಿ ಎಲ್ಲ ತೋಟಗಳ ಪಂಪುಗಳೂ ಓಡುವಾಗ, ಉದ್ದದ ಲೈನಿನ ಕೊನೆಯ ತೋಟಕ್ಕೆ ವೋಲ್ಟೇಜು ಸಾಲುವುದಿಲ್ಲ. ಗುಂಡಿ ಒತ್ತಿದರೆ ಸ್ಟಾರ್ಟರು ಹಿಡಿಯುವುದಿಲ್ಲ, ಹಿಡಿದರೂ ಬಿಟ್ಟುಬಿಡುತ್ತದೆ. ಅಡಿಕೆ ಗಿಡ ಒಣಗುತ್ತಿದೆ, ನೀರು ಬೇಕು. ಆಗ ಕೆಲವರು ಒಂದು ಉಪಾಯ ಮಾಡುತ್ತಾರೆ: ಮುಚ್ಚಳ ತೆಗೆದು, ಅಡಿಕೆ ಮರದ ಸೀಳನ್ನೋ ಮಡಚಿದ ಹಾಳೆಯ ತುಂಡನ್ನೋ ಸಿಕ್ಕಿಸಿ, ಆ ಕಬ್ಬಿಣದ ತುಂಡು ಹಿಂದೆ ಬಾರದಂತೆ ಮಾಡುತ್ತಾರೆ. ಪಂಪು ಓಡುತ್ತದೆ. ಇದನ್ನು ಜಾಣತನವೆಂದು ಹೇಳಿಕೊಳ್ಳುವವರೂ ಇದ್ದಾರೆ.

ಸ್ಟಾರ್ಟರು ಏಕೆ ಬಿಟ್ಟಿತು ಎಂಬುದಕ್ಕೆ ಲೆಕ್ಕವಿದೆ. ಇಂಥ ಕಾಂತದ ಎಳೆತ ವೋಲ್ಟೇಜಿನ ವರ್ಗಕ್ಕೆ ಸರಿಯಾಗಿ ಬದಲಾಗುತ್ತದೆ. 415 ವೋಲ್ಟ್ ಇರಬೇಕಾದಲ್ಲಿ 290 ಇದ್ದರೆ ಅದು ಶೇಕಡ 70, 0.7ನ್ನು 0.7ರಿಂದ ಗುಣಿಸಿದರೆ 0.49. ಎಳೆತ ಅರ್ಧಕ್ಕಿಳಿಯಿತು. ಇಂಥ ಸಾಧನಗಳು ನಿಗದಿಯಾದ ವೋಲ್ಟೇಜಿನ ಶೇಕಡ 85 ಇದ್ದರೂ ಹಿಡಿಯಬೇಕು, 75ಕ್ಕೂ 20ಕ್ಕೂ ನಡುವೆ ಎಲ್ಲಾದರೂ ಬಿಟ್ಟುಬಿಡಬೇಕು ಎಂಬುದು ಅವುಗಳಿಗಿರುವ ಅಂತರರಾಷ್ಟ್ರೀಯ ನಿಯಮ. ಹಿಡಿಯಲು ಹೆಚ್ಚು, ಹಿಡಿದುಕೊಂಡಿರಲು ಕಡಿಮೆ ಬಲ ಸಾಕು. ಏಕೆಂದರೆ ಹಿಡಿದ ಮೇಲೆ ನಡುವಿನ ಅಂತರ ಹೋಗಿರುತ್ತದೆ. ಮೊಳೆಯನ್ನು ಗುಂಡುಸೂಜಿಯಿಂದ ಸ್ವಲ್ಪ ದೂರ ಹಿಡಿದು ಪರೀಕ್ಷಿಸಿ, ಗೊತ್ತಾಗುತ್ತದೆ.

ಮೋಟಾರಿನ ತಿರುಗುವ ಬಲವೂ ಇದೇ ವರ್ಗದ ಲೆಕ್ಕದಂತೆ ಇಳಿಯುತ್ತದೆ. ಬಾವಿಯ ಆಳವೇನೂ ಕಡಿಮೆಯಾಗಿಲ್ಲ, ಎತ್ತಬೇಕಾದ ನೀರು ಅಷ್ಟೇ ಇದೆ. ಆದ್ದರಿಂದ ಮೋಟಾರು ನಿಧಾನವಾಗಿ, ಹೆಚ್ಚು ಕರೆಂಟು ಎಳೆದು, ಬಿಸಿಯಾಗುತ್ತದೆ; ವಾರ್ನಿಷು ಸುಡುತ್ತದೆ. ಸುರುಳಿ ಬಿಟ್ಟದ್ದು ಹಟದಿಂದಲ್ಲ, ಮೋಟಾರನ್ನು ಉಳಿಸಲು. ಸೀಳು ಸಿಕ್ಕಿಸಿದಾಗ ಆದದ್ದೇನೆಂದರೆ, ಬಿಡಬಲ್ಲ ಕಾಂತವನ್ನು ಬಿಡದ ಕಾಂತ ಮಾಡಿದೆವು. ಈಗ ಓವರ್‌ಲೋಡ್ ರಿಲೇ ಸುರುಳಿಯನ್ನು ಕಡಿದರೂ ಮೋಟಾರು ನಿಲ್ಲುವುದಿಲ್ಲ. ಕರೆಂಟು ಹೋಗಿ ಬಂದರೆ ಪಂಪು ತಾನಾಗಿ ಹೊರಡುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಏನೋ ಅನಾಹುತ ಕಂಡು ಮಗು ಓಡಿ ಹೋಗಿ ಕೆಂಪು ಗುಂಡಿ ಒತ್ತಿದರೆ ಏನೂ ಆಗುವುದಿಲ್ಲ. ತಂದೆ ಸಿಕ್ಕಿಸಿದ ಸೀಳು ಮಗುವಿಗೆ ಗೊತ್ತಿರುವುದಿಲ್ಲ.

ಕರೆಂಟು ಬಂದ ಕೂಡಲೇ ತಾನಾಗಿ ಗುಂಡಿ ಒತ್ತುವ ಆಟೋ ಸ್ಟಾರ್ಟರುಗಳು ಈಗ ಎಷ್ಟೋ ತೋಟಗಳಲ್ಲಿವೆ. ಅವು ಕೆಟ್ಟವೆಂದು ನಾವು ಹೇಳುವುದಿಲ್ಲ; ಸೀಳಿನಂತೆ ಅವು ಕಾವಲನ್ನು ಕೊಲ್ಲುವುದಿಲ್ಲ. ಆದರೆ ಅಂಥಲ್ಲಿ ಬಾವಿಗಿಳಿಯುವ ಮೊದಲು, ಪಂಪನ್ನು ಮುಟ್ಟುವ ಮೊದಲು ಮೈನ್ ಸ್ವಿಚ್ಚನ್ನೇ ತೆಗೆಯಬೇಕು. ಇನ್ನೊಂದು ಸಂಗತಿ: ಸುರುಳಿಗೆ ಸಾಮಾನ್ಯವಾಗಿ ಎರಡು ಫೇಸುಗಳಿಂದ ಮಾತ್ರ ಕರೆಂಟು ಸಿಗುತ್ತದೆ. ಮೂರನೆಯ ಫೇಸು ಹೋದರೆ ಸುರುಳಿಗೆ ಅದು ತಿಳಿಯುವುದಿಲ್ಲ. ಮೋಟಾರು ಎರಡೇ ಫೇಸಿನಲ್ಲಿ ಓಡಿ ಸುಡಬಹುದು. ಅದಕ್ಕೆ ಸಿಂಗಲ್ ಫೇಸ್ ಪ್ರಿವೆಂಟರ್ ಎಂಬ ಬೇರೆ ಸಾಧನ ಬೇಕು. ಅದರ ಬೆಲೆ ಒಂದು ರೀವೈಂಡಿಂಗಿನ ಖರ್ಚಿನ ಮುಂದೆ ಹೆಚ್ಚೇನಲ್ಲ.

ಕೊನೆಗೆ, ಸ್ಟಾರ್ಟರು ‘ಗುಂಯ್’ ಎನ್ನುವುದೇಕೆ ಎಂದು ಮಕ್ಕಳು ಕೇಳಬಹುದು. ನಮಗೆ ಸಿಗುವುದು ಸೆಕೆಂಡಿಗೆ 50 ಸಲ ಹಿಂದು ಮುಂದಾಗಿ ಹರಿಯುವ ಪರ್ಯಾಯ ವಿದ್ಯುತ್ತು. ಅದು ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿಯುತ್ತದೆ. ಕಾಂತದ ಎಳೆತವೂ ಅಷ್ಟು ಸಲ ಸೊನ್ನೆಯಾಗಿ, ತುಂಡು ನಡುಗಬೇಕು. ಹಾಗಾಗದಂತೆ ದಿಂಡಿನ ಮುಖದಲ್ಲಿ ಒಂದು ಚಿಕ್ಕ ತಾಮ್ರದ ಬಳೆಯನ್ನು ಕೂರಿಸಿರುತ್ತಾರೆ. ಅದು ಮುಖದ ಒಂದು ಭಾಗದ ಕಾಂತತೆಯನ್ನು ಸ್ವಲ್ಪ ತಡಮಾಡಿ, ಒಂದು ಭಾಗ ಬಿಡುವ ಹೊತ್ತಿಗೆ ಇನ್ನೊಂದು ಭಾಗ ಹಿಡಿದಿರುವಂತೆ ಮಾಡುತ್ತದೆ. ಬಳೆ ಒಡೆದರೆ, ಮುಖಗಳ ನಡುವೆ ಧೂಳೋ ತುಕ್ಕೋ ಇರುವೆಯೋ ಹಲ್ಲಿಯೋ ಸೇರಿದರೆ ಗದ್ದಲ ಏಳುತ್ತದೆ. ನಮ್ಮ ಕರಾವಳಿಯ ಉಪ್ಪು ಗಾಳಿಗೆ ತುಕ್ಕು ಬೇಗ. ಇಂಥ ಸದ್ದು ಕೇಳಿದರೆ ಮಕ್ಕಳು ಮುಚ್ಚಳಕ್ಕೆ ಕೈ ಹಾಕದೆ ದೊಡ್ಡವರಿಗೆ ಹೇಳಬೇಕು. ದೊಡ್ಡವರು ಮೈನ್ ತೆಗೆದು ಎಲೆಕ್ಟ್ರಿಷಿಯನ್ನರನ್ನು ಕರೆಯಬೇಕು. ಮುಖಗಳನ್ನು ಒಣಬಟ್ಟೆಯಿಂದ ಒರೆಸಿದರೆ ಸಾಕು, ಎಣ್ಣೆ ಹಾಕಬಾರದು. ಎಣ್ಣೆಗೆ ಧೂಳು ಕೂಡಿ ಅಂಟಾದರೆ, ಸುರುಳಿಯ ಕರೆಂಟು ಹೋದ ಮೇಲೂ ಆ ತುಂಡು ದಿಂಡಿಗೆ ಕಚ್ಚಿಕೊಂಡೇ ಇರುತ್ತದೆ.